ಲೂಯಿ ಪಾಶ್ಚರ್: ಹರಳು, ಹುಳಿ ಮತ್ತು ಮಣ್ಣು

ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದ ಸೂಕ್ಷ್ಮಜೀವಿಗಳ ಪಾಠದಲ್ಲಿ ಲೂಯಿ ಪಾಶ್ಚರ್ ಅವರ ಬಗ್ಗೆ ಹೆಚ್ಚು ಮಾತಿಲ್ಲ. 1857ರಲ್ಲಿ ಹುದುಗುವಿಕೆಯನ್ನು ಕಂಡುಹಿಡಿದರು ಎಂದು ಒಂದು ಸಾಲು, ಹಾಲನ್ನು ಕಾಯಿಸಿ ಕೂಡಲೇ ತಣಿಸುವ ಪಾಶ್ಚರೀಕರಣದ ಬಗ್ಗೆ ಇನ್ನೊಂದಿಷ್ಟು. ಹುಚ್ಚುನಾಯಿ ಕಡಿತದ ಲಸಿಕೆಯ ಕಥೆಯನ್ನು ಪಾಠ ಮಾಡುವವರು ತಾವಾಗಿ ಸೇರಿಸುತ್ತಾರೆ. ಇಷ್ಟು ಕೇಳಿದ ಮಕ್ಕಳು ಪಾಶ್ಚರ್ ಒಬ್ಬ ದೊಡ್ಡ ಡಾಕ್ಟರ್ ಎಂದು ತಿಳಿಯುತ್ತಾರೆ. ಅವರು ವೈದ್ಯರಾಗಿರಲಿಲ್ಲ. ಓದಿದ್ದು ರಸಾಯನಶಾಸ್ತ್ರ, ತರಬೇತಿ ಪಡೆದದ್ದು ನಮ್ಮ ಹಾಗೆ ಶಿಕ್ಷಕರಾಗಲು. ಅವರ ಹೆಸರನ್ನೇ ಹೊತ್ತ ಒಂದು ಬ್ಯಾಕ್ಟೀರಿಯ ಇದೆ, ಸ್ಪೋರೊಸಾರ್ಸಿನ ಪಾಶ್ಚರಿ. ಮಣ್ಣಿನಲ್ಲಿ ಬದುಕುವ ಈ ಜೀವಿ ಸುಣ್ಣದ ಹರಳು ಕಟ್ಟಿ ಮರಳಿನ ಕಣಗಳನ್ನು ಒಂದಕ್ಕೊಂದು ಬೆಸೆಯಬಲ್ಲದು. ಸಡಿಲ ಮಣ್ಣನ್ನು ಗಟ್ಟಿ ಮಾಡಲು ಇಂದು ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೂ, ಇದನ್ನು ಬಳಸುತ್ತಿದ್ದಾರೆ. ಈ ಬ್ಯಾಕ್ಟೀರಿಯಕ್ಕೆ ಪಾಶ್ಚರ್ ಹೆಸರು ಯಾಕೆ ಬಂತು ಎಂದು ಹುಡುಕುತ್ತ ಹೋದರೆ ಅವರ ಬದುಕು ಲಸಿಕೆಯ ಕಡೆಯಿಂದಲ್ಲ, ಹರಳಿನ ಕಡೆಯಿಂದ ಕಾಣತೊಡಗುತ್ತದೆ. ಅಭ್ಯಾಸ ಪಾಠಕ್ಕೆ ಹೊರಡುವ ನಮಗೆ ಈ ಕಡೆಯ ಪಾಶ್ಚರ್ ಹೆಚ್ಚು ಉಪಯೋಗಕ್ಕೆ ಬರುತ್ತಾರೆ ಎಂಬುದು ನನ್ನ ಅನಿಸಿಕೆ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಪೂರ್ವ ಭಾಗದ ಡೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ದುಡಿದು ಬಂದವರು, ಆಮೇಲೆ ಹಿಡಿದದ್ದು ತೊಗಲು ಹದ ಮಾಡುವ ಕಸುಬು. ಕುಟುಂಬ ಮುಂದೆ ಆರ್ಬ್ವಾ ಎಂಬ ಸಣ್ಣ ಊರಿಗೆ ಬಂದು ಹೊಳೆಯ ದಂಡೆಯಲ್ಲಿ ನೆಲೆಸಿತು. ಹುಡುಗ ಲೂಯಿ ಶಾಲೆಯಲ್ಲಿ ಸಾಧಾರಣ, ಚಿತ್ರ ಬರೆಯುವುದರಲ್ಲಿ ಮಾತ್ರ ಗಟ್ಟಿಗ. ತಾಯಿಯ, ತಂದೆಯ, ಊರಿನ ಪರಿಚಯದವರ ಮುಖಗಳನ್ನು ಬಣ್ಣದ ಕಡ್ಡಿಯಲ್ಲಿ ಬರೆದದ್ದು ಇಂದಿಗೂ ಉಳಿದಿದೆ. 1838ರಲ್ಲಿ ಓದಿಗೆಂದು ಪ್ಯಾರಿಸ್ಸಿಗೆ ಕಳಿಸಿದರೆ ಮನೆಯ ನೆನಪು ತಾಳಲಾರದೆ ಸೊರಗಿದ. ತಂದೆಯೇ ಹೋಗಿ ಕರೆತರಬೇಕಾಯಿತು. ಮುಂದೆ ಮನೆಗೆ ಹತ್ತಿರದ ಬೆಸಾಂಸಾನಿನಲ್ಲಿ, ಕೆಳಗಿನ ತರಗತಿಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಲೇ ತನ್ನ ಓದನ್ನೂ ಸಾಗಿಸಿದ. ವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲ ಸಲ ನಪಾಸು, 1842ರಲ್ಲಿ ಪಾಸು. ರಸಾಯನಶಾಸ್ತ್ರದಲ್ಲಿ ಬಂದ ಷರಾ ಸಾಧಾರಣಕ್ಕಿಂತ ಮೇಲಿನದಾಗಿರಲಿಲ್ಲ. ಘಟಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ನಾವು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬಹುದು.

ಅದೇ ವರ್ಷ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದರು. ಸ್ಥಾನ ಕೆಳಗಿನದು ಎಂದು ಸೇರಲಿಲ್ಲ; ಇನ್ನೊಂದು ವರ್ಷ ಓದಿ, ಮೇಲಿನ ಸ್ಥಾನ ಪಡೆದು 1843ರಲ್ಲಿ ಸೇರಿದರು. ಈ ಸಂಸ್ಥೆಯ ಹೆಸರಿನಲ್ಲಿರುವ ನಾರ್ಮಾಲ್ ಎಂಬ ಪದ ನಮ್ಮ ಕಡೆಯ ಹಳೆಯ ಶಿಕ್ಷಕರಿಗೆ ಹೊಸದಲ್ಲ. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಶಾಲೆಯನ್ನು ನಾರ್ಮಲ್ ಸ್ಕೂಲ್ ಎಂದೇ ಕರೆಯುತ್ತಿದ್ದರು. ಪ್ಯಾರಿಸ್ಸಿನದೂ ಅಂಥದೇ, ಪ್ರೌಢಶಾಲೆಯ ಮೇಲಿನ ತರಗತಿಗಳಿಗೆ ಶಿಕ್ಷಕರನ್ನು ತಯಾರು ಮಾಡುವ ಶಾಲೆ. 1846ರಲ್ಲಿ ಪಾಶ್ಚರ್ ಬೋಧನೆಯ ಅರ್ಹತಾ ಪರೀಕ್ಷೆ ಪಾಸು ಮಾಡಿದರು. ದೂರದ ಊರಿಗೆ ಭೌತಶಾಸ್ತ್ರದ ಮಾಸ್ತರರಾಗಿ ಹೋಗಬೇಕಾಗಿದ್ದವರನ್ನು ಬಾಲಾರ್ ಎಂಬ ಪ್ರಾಧ್ಯಾಪಕರು ತಮ್ಮ ಪ್ರಯೋಗಾಲಯದ ಸಹಾಯಕರಾಗಿ ಉಳಿಸಿಕೊಂಡರು. ಬ್ರೋಮಿನ್ ಕಂಡುಹಿಡಿದ ಬಾಲಾರ್ ಇವರೇ.

ಆ ಪ್ರಯೋಗಾಲಯದಲ್ಲಿ ಪಾಶ್ಚರ್ ಮೇಜಿನ ಮೇಲೆ ಇದ್ದದ್ದು ಟಾರ್ಟಾರಿಕ್ ಆಮ್ಲ. ನಮ್ಮ ಅಡುಗೆಮನೆಯ ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಇದೇ ಆಮ್ಲ. ಫ್ರಾನ್ಸಿನಲ್ಲಿ ಇದು ದ್ರಾಕ್ಷಾರಸದ ಪೀಪಾಯಿಯ ತಳದಲ್ಲಿ ಕೂಡುತ್ತಿತ್ತು. ಇದರ ಜತೆಗೆ ಇದರಂತೆಯೇ ಇರುವ ಇನ್ನೊಂದು ಆಮ್ಲವೂ ಸಿಕ್ಕಿತ್ತು. ಎರಡರಲ್ಲಿಯೂ ಅದೇ ಧಾತುಗಳು, ಅದೇ ಪ್ರಮಾಣ. ಆದರೆ ಮೊದಲನೆಯದರ ದ್ರಾವಣದ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಬೆಳಕು ಬಲಕ್ಕೆ ತಿರುಗುತ್ತದೆ, ಎರಡನೆಯದರಲ್ಲಿ ಯಾವ ಕಡೆಗೂ ತಿರುಗುವುದಿಲ್ಲ. ಹೀಗೇಕೆ ಎಂಬುದಕ್ಕೆ ಆ ಕಾಲದ ದೊಡ್ಡ ವಿಜ್ಞಾನಿಗಳಲ್ಲಿಯೂ ಉತ್ತರವಿರಲಿಲ್ಲ.

1848ರಲ್ಲಿ ಪಾಶ್ಚರ್ ಮಾಡಿದ್ದು ಸರಳ ಕೆಲಸ. ಎರಡನೆಯ ಆಮ್ಲದ ಒಂದು ಲವಣವನ್ನು ಹರಳುಗಟ್ಟಲು ಬಿಟ್ಟು, ಬಂದ ಹರಳುಗಳನ್ನು ಒಂದೊಂದಾಗಿ ಮಸೂರದ ಕೆಳಗೆ ತಿರುಗಿಸಿ ನೋಡಿದರು. ಪ್ರತಿ ಹರಳಿನ ಅಂಚಿನಲ್ಲಿ ಒಂದು ಸಣ್ಣ ಓರೆ ಮುಖವಿತ್ತು. ಕೆಲವು ಹರಳುಗಳಲ್ಲಿ ಅದು ಬಲಕ್ಕೆ, ಕೆಲವುಗಳಲ್ಲಿ ಎಡಕ್ಕೆ. ಒಂದು ಜೊತೆ ಚಪ್ಪಲಿಯ ಹಾಗೆ: ಅಳತೆ ಒಂದೇ, ತೊಗಲು ಒಂದೇ, ಆದರೆ ಎಡಗಾಲಿನದು ಬಲಗಾಲಿಗೆ ಆಗುವುದಿಲ್ಲ. ಚಿಮುಟದಿಂದ ಎರಡು ರಾಶಿ ಮಾಡಿ ಬೇರೆ ಬೇರೆ ಕರಗಿಸಿದಾಗ ಒಂದು ದ್ರಾವಣ ಬೆಳಕನ್ನು ಬಲಕ್ಕೆ, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿತು. ಸಮನಾಗಿ ಬೆರೆಸಿದರೆ ಯಾವ ತಿರುಗೂ ಇಲ್ಲ. ಬಿಯೋ ಎಂಬ ಹಿರಿಯ ವಿಜ್ಞಾನಿ ಇದನ್ನು ನಂಬದೆ, ಸಾಮಗ್ರಿಗಳನ್ನು ತಾವೇ ಕೊಟ್ಟು, ತಮ್ಮ ಕಣ್ಣೆದುರೇ ಮತ್ತೊಮ್ಮೆ ಮಾಡಿಸಿ ನೋಡಿ ಒಪ್ಪಿಕೊಂಡರು. ಪಾಶ್ಚರ್ ಅವರಿಗೆ ಆಗ 25 ವರ್ಷ. ಚಿತ್ರಗಾರ ಹುಡುಗನ ಕಣ್ಣು ಇಲ್ಲಿ ಕೆಲಸಕ್ಕೆ ಬಂತು ಎಂದು ನನಗೆ ತೋರುತ್ತದೆ. ಹವೆಯೂ ಸಹಾಯ ಮಾಡಿತು. ಆ ಲವಣ ಹೀಗೆ ಎಡ ಬಲ ಎಂದು ಬೇರೆಯಾಗಿ ಹರಳುಗಟ್ಟುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪದಲ್ಲಿ ಮಾತ್ರ. ಸವದತ್ತಿಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಆಗುತ್ತಿರಲಿಲ್ಲ.

ಅದೇ ವರ್ಷದ ಕೊನೆಗೆ ಅವರನ್ನು ಡಿಜಾನ್ ಎಂಬ ಊರಿನ ಶಾಲೆಗೆ ಭೌತಶಾಸ್ತ್ರ ಕಲಿಸಲು ಹಾಕಿದರು. ಅಲ್ಲಿದ್ದದ್ದು ಕೆಲವೇ ವಾರ. ಪಾಠದ ತಯಾರಿಗೆ ಹೊತ್ತೆಲ್ಲ ಹೋಗುತ್ತದೆ, ಚೆನ್ನಾಗಿ ತಯಾರಿ ಮಾಡಿದ ದಿನ ಮಾತ್ರ ತರಗತಿ ಗಮನವಿಟ್ಟು ಕೇಳುತ್ತದೆ, ಒಂದು ತರಗತಿಯಲ್ಲಿ 80 ಮಕ್ಕಳನ್ನು ತುಂಬಿಸುವುದು ಸರಿಯಲ್ಲ ಎಂದೆಲ್ಲ ಗೆಳೆಯನಿಗೆ ಬರೆದುಕೊಂಡರು. ನಮ್ಮ ದಿನಚರಿ ಪುಸ್ತಕದಲ್ಲಿ ಬರೆದದ್ದೂ ಬಹುತೇಕ ಇದೇ. 1849ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿನ ರೆಕ್ಟರರ ಮಗಳು ಮಾರಿ ಲೊರಾನ್ ಅವರನ್ನು ಮದುವೆಯಾದರು. ಗಂಡ ಹೇಳಿದ್ದನ್ನು ಬರೆದುಕೊಳ್ಳುವುದು, ಪ್ರಯೋಗದ ವಿವರ ಕೇಳಿ ಪ್ರಶ್ನಿಸುವುದು, ಪ್ರಬಂಧಗಳ ಶುದ್ಧ ಪ್ರತಿ ಮಾಡುವುದು, ಇವೆಲ್ಲ ಆಕೆಯ ಜೀವಮಾನದ ಕೆಲಸವಾಯಿತು. ಪುಸ್ತಕಗಳಲ್ಲಿ ಆಕೆಯ ಹೆಸರು ಬರುವುದು ಕಡಿಮೆ.

1854ರಲ್ಲಿ ಲೀಲ್ ಎಂಬ ಕೈಗಾರಿಕಾ ಪಟ್ಟಣದ ಹೊಸ ವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರಾದರು. ವಿದ್ಯಾರ್ಥಿಗಳು ಕೈಯಿಂದ ಪ್ರಯೋಗ ಮಾಡಲೇಬೇಕು ಎಂದರು, ಅವರನ್ನು ಕಾರ್ಖಾನೆಗಳಿಗೆ ಕರೆದೊಯ್ದರು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ನಮ್ಮ ಶಾಲೆಗಳು ಮಕ್ಕಳನ್ನು ಕರೆದೊಯ್ದ ಹಾಗೆ. ಅಲ್ಲಿ ಬೀಟ್‌ರೂಟ್ ರಸದಿಂದ ಮದ್ಯಸಾರ ತೆಗೆಯುವ ಬಿಗೋ ಎಂಬ ಉದ್ಯಮಿ 1856ರಲ್ಲಿ ಅವರ ಬಳಿ ಬಂದರು. ಕೆಲವು ತೊಟ್ಟಿಗಳಲ್ಲಿ ಮದ್ಯಸಾರದ ಬದಲು ಹುಳಿ ಏಳುತ್ತಿತ್ತು. ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳ್ಳೆಯ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್, ಕೆಟ್ಟ ತೊಟ್ಟಿಯಲ್ಲಿ ಅದಕ್ಕಿಂತ ಬಹಳ ಸಣ್ಣ ಬೇರೆ ಜೀವಿಗಳು. ಹುದುಗುವಿಕೆ ಸತ್ತ ವಸ್ತು ಒಡೆಯುವಾಗ ತಾನೇ ನಡೆಯುವ ರಾಸಾಯನಿಕ ಕ್ರಿಯೆ ಎಂದು ಜರ್ಮನಿಯ ಲೀಬಿಗ್ ಅಂಥವರು ಹೇಳುತ್ತಿದ್ದ ಕಾಲ ಅದು. ಪಾಶ್ಚರ್ 1857ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹಾಲನ್ನು ಹುಳಿ ಮಾಡುವುದಕ್ಕೂ ಒಂದು ಬಗೆಯ ಜೀವಿಯೇ ಕಾರಣ ಎಂದರು. ಪಠ್ಯದ 1857 ಇದೇ.

ಹರಳು ನೋಡುತ್ತಿದ್ದವರು ಹುಳಿಗೆ ಹೇಗೆ ಬಂದರು? ಹಲವು ಜೀವನ ಚರಿತ್ರೆಗಳಲ್ಲಿ ಈ ತಿರುವು ಬಿಗೋ ಬಂದದ್ದರಿಂದ ಆಕಸ್ಮಿಕವಾಗಿ ಆದದ್ದು ಎಂಬಂತೆ ಇರುತ್ತದೆ. ಪಾಶ್ಚರ್ ಮಟ್ಟಿಗೆ ಎರಡೂ ಒಂದೇ ದಾರಿಯಾಗಿತ್ತು. ಎಡ ಬಲ ಎರಡೂ ಇರುವ ಆಮ್ಲದ ಲವಣದಲ್ಲಿ ಬೂಷ್ಟು ಬೆಳೆದಾಗ ಅದು ಬಲದ್ದನ್ನು ತಿಂದು ಎಡದ್ದನ್ನು ಉಳಿಸಿದ್ದನ್ನು ಅವರು ಕಂಡರು. ಬಲ ಎಡ ಗುರುತಿಸಿ ಆರಿಸಿಕೊಳ್ಳುವುದು ಜೀವಿಗಳ ಗುಣ ಎಂಬ ನಂಬಿಕೆ ಗಟ್ಟಿಯಾಯಿತು. ಆದ್ದರಿಂದ ಹುದುಗುವಾಗ ಬೆಳಕನ್ನು ತಿರುಗಿಸುವ ವಸ್ತು ಹುಟ್ಟಿದರೆ ಅಲ್ಲಿ ಜೀವಿ ಇರಲೇಬೇಕು. ಹರಳೇ ಅವರನ್ನು ಜೀವಿಯ ಬಾಗಿಲಿಗೆ ತಂದು ನಿಲ್ಲಿಸಿತ್ತು.

1857ರ ಕೊನೆಗೆ ತಾವು ಓದಿದ ತರಬೇತಿ ಶಾಲೆಗೇ ವಿಜ್ಞಾನ ವಿಭಾಗದ ನಿರ್ದೇಶಕರಾಗಿ ಮರಳಿದರು. ಪ್ರಯೋಗಾಲಯಕ್ಕೆ ಸಿಕ್ಕಿದ್ದು ಅಟ್ಟದ ಮೇಲಿನ ಎರಡು ಸಣ್ಣ ಕೋಣೆ. ಆಡಳಿತಗಾರರಾಗಿ ಅವರು ಬಲು ಬಿಗಿ. ಊಟದ ವಿಷಯಕ್ಕೆ, ಧೂಮಪಾನದ ವಿಷಯಕ್ಕೆ ಪ್ರಶಿಕ್ಷಣಾರ್ಥಿಗಳ ಜತೆ ಜಗಳ ಹತ್ತಿ, ಕೊನೆಗೆ 1867ರಲ್ಲಿ ಗಲಾಟೆ ದೊಡ್ಡದಾಗಿ ಆ ಹುದ್ದೆ ಬಿಡಬೇಕಾಯಿತು. ಹಾಸ್ಟೆಲ್ಲಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯದನ್ನೂ ಹೇಳಬೇಕು: ಪಾಸಾದ ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋಗುವ ಮೊದಲು ಪ್ರಯೋಗಾಲಯದಲ್ಲಿ ಉಳಿದು ಸಂಶೋಧನೆ ಮಾಡುವ ಅವಕಾಶ ಕಲ್ಪಿಸಿದರು. 1864ರಲ್ಲಿ ಆ ಸಂಸ್ಥೆಯದೇ ಒಂದು ವಿಜ್ಞಾನ ಪತ್ರಿಕೆಯನ್ನು ಆರಂಭಿಸಿದರು. ತರಬೇತಿ ಕಾಲೇಜಿನ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆಯುವಾಗ ಇದನ್ನು ಬಿಡುವುದು ಹೇಗೆ?

ಆ ಅಟ್ಟದಲ್ಲಿ ನಡೆದ ಕೆಲಸವೇ ನಮ್ಮ ವಿಷಯಕ್ಕೆ ಮುಖ್ಯ. ಜೀವಿಗಳು ತಾವಾಗಿಯೇ ನಿರ್ಜೀವ ವಸ್ತುವಿನಿಂದ ಹುಟ್ಟುತ್ತವೆ ಎಂಬ ವಾದವನ್ನು ಅಲ್ಲಗಳೆಯಲು ಅವರು ಹಂಸದ ಕೊರಳಿನ ಹಾಗೆ ಬಾಗಿದ ಗಾಜಿನ ಬುದ್ದಲಿಗಳನ್ನು ಬಳಸಿದ್ದು ನಮಗೆಲ್ಲ ಗೊತ್ತು. ಅವುಗಳಲ್ಲಿ ಹಾಕಿದ್ದು ಸಕ್ಕರೆ ಬೆರೆಸಿದ ಯೀಸ್ಟ್ ನೀರನ್ನು ಮಾತ್ರವಲ್ಲ, ಮೂತ್ರವನ್ನು ಕೂಡ. ಮಕ್ಕಳು ನಗುತ್ತಾರೆಂದು ನಾವು ಇದನ್ನು ಹೇಳದೆ ದಾಟಿಬಿಡುತ್ತೇವೆ. ಬಯಲಲ್ಲಿಟ್ಟ ಮೂತ್ರ ಎರಡು ಮೂರು ದಿನದಲ್ಲಿ ಘಾಟು ವಾಸನೆ ಹೊಡೆಯುತ್ತದೆ. ಅದರಲ್ಲಿನ ಯೂರಿಯ ಒಡೆದು ಅಮೋನಿಯ ಆಗುತ್ತದೆ. ದನದ ಕೊಟ್ಟಿಗೆಯಲ್ಲಿ ಬೆಳಗಿನ ಹೊತ್ತು ಮೂಗಿಗೆ ಬಡಿಯುವುದು ಇದೇ. ಕುದಿಸಿ ಬಾಗಿದ ಕೊರಳಿನ ಬುದ್ದಲಿಯಲ್ಲಿಟ್ಟ ಮೂತ್ರದಲ್ಲಿ ಈ ಬದಲಾವಣೆ ಆಗಲಿಲ್ಲ. ಯೂರಿಯ ಒಡೆಯುವುದೂ ಒಂದು ಹುದುಗುವಿಕೆ, ಅದಕ್ಕೂ ಒಂದು ಸೂಕ್ಷ್ಮಜೀವಿ ಬೇಕು ಎಂದು 1860ರ ದಶಕದ ಆರಂಭದಲ್ಲಿ ಪಾಶ್ಚರ್ ತೋರಿಸಿದರು. ಅದೇ ಶಾಲೆಯಲ್ಲಿ ಅವರ ಕೈಕೆಳಗೆ ಕಲಿತ ಫಾನ್ ಟೀಗೆಮ್ ಈ ಜೀವಿಯನ್ನೇ ಬೆನ್ನು ಹತ್ತಿ 1864ರಲ್ಲಿ ಪ್ರಬಂಧ ಮಂಡಿಸಿದರು.

ಈ ಮೂತ್ರದ ಪ್ರಶ್ನೆ ಪಾಶ್ಚರ್ ಅವರನ್ನು ಮತ್ತೆ ಎರಡು ಸಲ ಕಾಡಿತು. ಲಂಡನ್ನಿನ ಬಾಸ್ಟಿಯನ್ ಎಂಬ ವೈದ್ಯ 1876ರಲ್ಲಿ, ಕುದಿಸಿದ ಮೂತ್ರಕ್ಕೆ ಕ್ಷಾರ ಬೆರೆಸಿ 50 ಡಿಗ್ರಿಯಲ್ಲಿಟ್ಟರೆ ಬ್ಯಾಕ್ಟೀರಿಯ ಹುಟ್ಟುತ್ತವೆ ಎಂದು ವಾದಿಸಿದರು. ಆ ಜಗಳ ಬಿಡಿಸುತ್ತ ಹೋದಾಗ, ಕುದಿನೀರಿಗೂ ಸಾಯದ ಬೀಜಕಗಳು ಇರುತ್ತವೆ, 100 ಡಿಗ್ರಿ ಸಾಲದು ಎಂಬುದು ಖಚಿತವಾಯಿತು. ಪಾಶ್ಚರ್ ಸಹಾಯಕ ಶಾಂಬರ್ಲಾನ್ ಒತ್ತಡದ ಹಬೆಯ ಆಟೋಕ್ಲೇವ್ ರೂಪಿಸಿದ್ದು ಇದರ ನಂತರ. ಅಡುಗೆಮನೆಯ ಕುಕ್ಕರ್ ತೋರಿಸಿ ಇದನ್ನು ಹೇಳಿದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಎರಡನೆಯದು ಅವರಿಗೆ ಅಷ್ಟು ಹಿತವಾಗಿರಲಿಲ್ಲ. 1876ರಲ್ಲಿ ಮುಸ್ಕ್ಯುಲುಸ್ ಎಂಬ ರಸಾಯನಜ್ಞ ಕೆಟ್ಟ ಮೂತ್ರದಿಂದ ಒಂದು ಕರಗುವ ವಸ್ತುವನ್ನು ಬೇರ್ಪಡಿಸಿ, ಜೀವಿ ಇಲ್ಲದೆಯೂ ಅದು ಯೂರಿಯವನ್ನು ಒಡೆಯುತ್ತದೆ ಎಂದು ತೋರಿಸಿದರು. ಪಾಶ್ಚರ್ ಇದನ್ನು ತಳ್ಳಿಹಾಕಲಿಲ್ಲ. ಪರೀಕ್ಷಿಸಿ, ಆ ವಸ್ತುವನ್ನು ತಯಾರಿಸುವುದು ಆ ಜೀವಿಯೇ ಎಂದು ಸೇರಿಸಿದರು. ಆದರೂ ಹುದುಗುವಿಕೆ ಎಂದರೆ ಜೀವ ಎಂಬ ತಮ್ಮ ಮಾತನ್ನು ಕೊನೆಯವರೆಗೂ ಸಡಿಲಿಸಲಿಲ್ಲ. ಈ ಒಂದು ವಿಷಯದಲ್ಲಿ ಲೀಬಿಗ್ ಕಡೆಯವರ ಮಾತಿನಲ್ಲಿಯೂ ಅರ್ಧ ಸತ್ಯವಿತ್ತು. ಯೀಸ್ಟನ್ನು ಅರೆದು ತೆಗೆದ ಜೀವವಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ಬುಕ್ನರ್ ತೋರಿಸಿದ್ದು 1897ರಲ್ಲಿ, ಪಾಶ್ಚರ್ ತೀರಿಕೊಂಡ ಎರಡು ವರ್ಷಕ್ಕೆ. ಯೂರಿಯ ಒಡೆಯುವ ಆ ವಸ್ತುವಿಗೆ ಯೂರಿಯೇಸ್ ಎಂಬ ಹೆಸರು ಬಂತು. 1926ರಲ್ಲಿ ಅಮೆರಿಕದ ಸಮ್ನರ್ ಅದನ್ನು ಒಂದು ಬಗೆಯ ಅವರೆ ಜಾತಿಯ ಕಾಳಿನಿಂದ ಹರಳಾಗಿ ತೆಗೆದರು. ಹರಳಾಗಿ ಸಿಕ್ಕ ಮೊದಲ ಕಿಣ್ವ ಅದು.

ಇಷ್ಟರ ನಡುವೆ ಮನೆಯಲ್ಲಿ ಸಾವಿನ ಮೇಲೆ ಸಾವು. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕಂದಿನಲ್ಲಿಯೇ ಹೋದರು: 1859ರಲ್ಲಿ ವಿಷಮಶೀತ ಜ್ವರದಿಂದ ಜಾನ್, 1865ರಲ್ಲಿ ಎರಡು ವರ್ಷದ ಕಮೀಲ್, 1866ರಲ್ಲಿ ಸೆಸೀಲ್. 1868ರಲ್ಲಿ, 45ನೆಯ ವಯಸ್ಸಿಗೆ, ಅವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಶಾಶ್ವತವಾಗಿ ಬಲ ಕಳೆದುಕೊಂಡವು. ರೇಷ್ಮೆ ಹುಳುವಿನ ರೋಗದ ಮೇಲಿನ ಕೆಲಸವನ್ನು ಆ ಸ್ಥಿತಿಯಲ್ಲಿಯೇ ಮುಗಿಸಿದರು. ಕೋಳಿ ಕಾಲರಾ, ಕುರಿಗಳ ಅಂಥ್ರಾಕ್ಸ್, ಹುಚ್ಚುನಾಯಿ ರೋಗ, ಇವೆಲ್ಲ ಬಂದದ್ದು ಆಮೇಲೆ. 1885ರ ಜುಲೈಯಲ್ಲಿ ನಾಯಿ ಕಚ್ಚಿಸಿಕೊಂಡು ಬಂದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಬದುಕಿದ ಕಥೆ ಎಲ್ಲ ಕಡೆ ಇದೆ, ನಾನು ಮತ್ತೆ ಹೇಳುವುದಿಲ್ಲ. ಕಡಿಮೆ ಹೇಳುವ ಒಂದನ್ನು ಹೇಳುತ್ತೇನೆ. 1881ರಲ್ಲಿ ಕುರಿಗಳ ಮೇಲೆ ಬಹಿರಂಗವಾಗಿ ತೋರಿಸಿದ ಅಂಥ್ರಾಕ್ಸ್ ಲಸಿಕೆಯನ್ನು ತಯಾರಿಸಿದ್ದು ಶಾಂಬರ್ಲಾನ್ ಅವರ ರಾಸಾಯನಿಕ ವಿಧಾನದಿಂದ. ಜನ ತಿಳಿದದ್ದು ಪಾಶ್ಚರ್ ಅವರದೇ ವಿಧಾನದಿಂದ ಎಂದು, ಪಾಶ್ಚರ್ ಅದನ್ನು ತಿದ್ದಲಿಲ್ಲ. ಅವರ ಪ್ರಯೋಗದ ಟಿಪ್ಪಣಿ ಪುಸ್ತಕಗಳು ಸಂಶೋಧಕರ ಕೈಗೆ ಸಿಕ್ಕ ಮೇಲೆ ಇದು ಹೊರಬಂತು. ವಿಜ್ಞಾನಿಗಳನ್ನು ದೇವರ ಹಾಗೆ ಗೋಡೆಗೆ ತೂಗುಹಾಕುವ ರೂಢಿ ನಮ್ಮ ಶಾಲೆಗಳಲ್ಲಿದೆ. ಇಂಥ ಸಂಗತಿಯೂ ಪಾಠದಲ್ಲಿ ಬಂದರೆ ಮಕ್ಕಳ ಗೌರವ ಕಡಿಮೆಯಾಗುತ್ತದೆ ಎಂದು ನನಗನ್ನಿಸುವುದಿಲ್ಲ. 1888ರಲ್ಲಿ ಜನರ ದೇಣಿಗೆಯಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ತೀರಿಕೊಂಡರು.

ಅವರು ಬದುಕಿದ್ದಾಗಲೇ, 1889ರಲ್ಲಿ, ಪ್ಯಾರಿಸ್ಸಿನ ಮಾಂಸೂರಿ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಮಿಕೆಲ್ ಎಂಬವರು ಯೂರಿಯವನ್ನು ಅತಿ ವೇಗವಾಗಿ ಒಡೆಯುವ ಒಂದು ಬ್ಯಾಕ್ಟೀರಿಯವನ್ನು ವರ್ಣಿಸಿ ಅದಕ್ಕೆ ಪಾಶ್ಚರ್ ಹೆಸರಿಟ್ಟರು. ಕುಲದ ಹೆಸರು ಆಮೇಲೆ ಬದಲಾಗುತ್ತ ಬಂದು 2001ರಲ್ಲಿ ಸ್ಪೋರೊಸಾರ್ಸಿನ ಎಂದಾಯಿತು. ಪಾಶ್ಚರಿ ಎಂಬ ಎರಡನೆಯ ಹೆಸರು ಹಾಗೇ ಉಳಿಯಿತು.

ಈ ಜೀವಿ ಮಣ್ಣನ್ನು ಕಲ್ಲು ಮಾಡುವ ಬಗೆ ಎಂಟನೆಯ ತರಗತಿಯ ಮಕ್ಕಳಿಗೆ ಅರ್ಥವಾಗದ್ದೇನಲ್ಲ. ಬ್ಯಾಕ್ಟೀರಿಯದ ಯೂರಿಯೇಸ್ ಯೂರಿಯವನ್ನು ಒಡೆದಾಗ ಅಮೋನಿಯ ಹುಟ್ಟಿ ಸುತ್ತಲಿನ ನೀರು ಕ್ಷಾರೀಯವಾಗುತ್ತದೆ, ಜತೆಗೆ ಕಾರ್ಬೊನೇಟ್ ಉಂಟಾಗುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ ಲವಣವನ್ನೂ ಕರಗಿಸಿಟ್ಟಿದ್ದರೆ ಎರಡೂ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಕ್ಯಾಲ್ಸೈಟ್ ಹರಳು, ಹೊರಬೀಳುತ್ತದೆ. ಬ್ಯಾಕ್ಟೀರಿಯದ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಕ್ಯಾಲ್ಸಿಯಂ ಅಲ್ಲಿಯೇ ಬಂದು ಕೂರುತ್ತದೆ. ಹರಳು ಅಲ್ಲಿಯೇ ಬೆಳೆಯತೊಡಗುತ್ತದೆ. ಮರಳಿನ ಎರಡು ಕಣ ತಾಗುವ ಸಂದಿಯಲ್ಲಿ ಹೀಗೆ ಹರಳು ಕೂಡಿದರೆ ಕಣಗಳು ಕಚ್ಚಿಕೊಳ್ಳುತ್ತವೆ. ಜೀವಿ ತಾನು ಕಟ್ಟಿದ ಹರಳಿನೊಳಗೇ ಸಿಕ್ಕಿ ಸಾಯುತ್ತದೆ. ಗಚ್ಚು ಗಟ್ಟಿಯಾಗುವಾಗ ಹುಟ್ಟುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅಲ್ಲಿ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಕಿತ್ತೂರಿಗೆ ಪ್ರವಾಸ ಹೋದಾಗ ಕೋಟೆಯೊಳಗೆ ಉಳಿದ ಗೋಡೆಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಚೆನ್ನಮ್ಮನ ಕಥೆಯ ಜತೆಗೆ ಇದನ್ನೂ ಹೇಳಬಹುದು.

ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಸಂಶೋಧಕರು 100 ಘನಮೀಟರ್ ಮರಳಿನಲ್ಲಿ ಈ ಬ್ಯಾಕ್ಟೀರಿಯ ಹಾಯಿಸಿ ನೋಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಳಿನ ಒಂದು ದೊಡ್ಡ ಭಾಗ ಕಲ್ಲಾಯಿತು, ಆದರೆ ಎಲ್ಲ ಕಡೆ ಒಂದೇ ಗಟ್ಟಿತನ ಬರಲಿಲ್ಲ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಲೋಕ್ ಕುಮಾರ್ ಮತ್ತು ಸಂಗಡಿಗರು ಇಸ್ರೋ ವಿಜ್ಞಾನಿಗಳ ಜತೆ ಸೇರಿ, ಚಂದ್ರನ ಮಣ್ಣನ್ನು ಹೋಲುವಂತೆ ತಯಾರಿಸಿದ ಪುಡಿಯನ್ನು ಇದೇ ಪಾಶ್ಚರಿ ಬ್ಯಾಕ್ಟೀರಿಯದಿಂದ ಇಟ್ಟಂಗಿಯಂತೆ ಗಟ್ಟಿ ಮಾಡಿದರು. ಬೇಕಾದ ಯೂರಿಯವನ್ನು ಗಗನಯಾತ್ರಿಗಳ ಮೂತ್ರದಿಂದ ಪಡೆಯಬಹುದು ಎಂಬುದು ಅವರ ಯೋಚನೆ. ಬಲ ಹೆಚ್ಚಿಸಲು ಅವರು ಬೆರೆಸಿದ್ದು ಗೌರ್ ಗಮ್, ನಮ್ಮ ಸಂತೆಯಲ್ಲಿ ಸಿಗುವ ಚವಳಿಕಾಯಿಯ ಬೀಜದ ಅಂಟು. 2022ರಲ್ಲಿ ಮಂಗಳನ ಮಣ್ಣಿನಂಥ ಪುಡಿಯಲ್ಲಿಯೂ ಮಾಡಿ ತೋರಿಸಿದರು. ಅದರಲ್ಲಿನ ಕಬ್ಬಿಣದ ಅಂಶ ಬ್ಯಾಕ್ಟೀರಿಯಕ್ಕೆ ಮಾರಕವಾದ್ದರಿಂದ ನಿಕಲ್ ಕ್ಲೋರೈಡ್ ಸೇರಿಸಬೇಕಾಯಿತು.

ಸವದತ್ತಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಪಾಠಕ್ಕೆ ಹೋದಾಗ ನಾನು ಬ್ಯಾಕ್ಟೀರಿಯ ಒಯ್ದಿರಲಿಲ್ಲ, ಸೋಯಾಬೀನ್ ಒಯ್ದಿದ್ದೆ. ಬೈಲಹೊಂಗಲ ಸೀಮೆಯಲ್ಲಿ ಎಲ್ಲೆಲ್ಲೂ ಬೆಳೆಯುವ ಈ ಕಾಳಿನಲ್ಲಿಯೂ ಯೂರಿಯೇಸ್ ಇದೆ. ಕಾಳಿನ ಹಿಟ್ಟನ್ನು ನೀರಿನಲ್ಲಿ ಕದಡಿ ಬಸಿದು, ಗೊಬ್ಬರದ ಚೀಲದ ಯೂರಿಯವನ್ನು ಚಿಟಿಕೆ ಹಾಕಿ, ಅರಿಶಿಣ ಹಚ್ಚಿ ಒಣಗಿಸಿದ ಕಾಗದವನ್ನು ಅದ್ದಿದರೆ ಮೊದಲು ಹಳದಿಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಾಗದ ಅದ್ದಿದರೆ ಕೆಂಪಾಗುತ್ತದೆ. ನೀರು ಕ್ಷಾರೀಯವಾದದ್ದಕ್ಕೆ ಗುರುತು. ಹೊಲಕ್ಕೆ ಯೂರಿಯ ಚೆಲ್ಲಿದ ಮೇಲೆ ಮಣ್ಣಿನಲ್ಲಿ ನಡೆಯುವುದೂ ಇದೇ ಕ್ರಿಯೆ ಎಂದಾಗ ಹಿಂದಿನ ಬೆಂಚಿನವರೂ ಮುಂದೆ ಬಂದರು.

ಆಗ ಒಬ್ಬ ಹುಡುಗ ಕೇಳಿದ ಪ್ರಶ್ನೆ ಪಾಠಯೋಜನೆಯಲ್ಲಿ ಇರಲಿಲ್ಲ. ರಾಮದುರ್ಗ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯಲ್ಲಿದ್ದ ಅವನ ಸೋದರಮಾವನ ಮಣ್ಣಿನ ಮನೆ 2019ರ ಆಗಸ್ಟ್ ನೆರೆಯಲ್ಲಿ ಬಿದ್ದಿತ್ತು. ಈ ಹುಳದ ನೀರು ಹಾಕಿದ್ದರೆ ಗೋಡೆ ನಿಲ್ಲುತ್ತಿತ್ತೇನ್ರಿ ಸರ್ ಎಂಬುದು ಅವನ ಪ್ರಶ್ನೆ. ಹೌದು ಎಂದರೆ ತರಗತಿ ಚಪ್ಪಾಳೆ ತಟ್ಟುತ್ತಿತ್ತು. ಆದರೆ ಉತ್ತರ ಯಾವ ಮಣ್ಣು ಎಂಬುದರ ಮೇಲೆ ನಿಂತಿದೆ. ಈ ಬ್ಯಾಕ್ಟೀರಿಯದ ಉದ್ದ ಒಂದೂವರೆಯಿಂದ ನಾಲ್ಕು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದೂವರೆಯಿಂದ ನಾಲ್ಕು ಪಾಲು. ಎರಿ ಮಣ್ಣಿನ ಜೇಡಿ ಕಣ ಎರಡು ಮೈಕ್ರೋಮೀಟರಿಗಿಂತ ಸಣ್ಣದು. ಮರಳಿನ ಸಂದಿಯಲ್ಲಿ ಈ ಜೀವಿ ಬೀದಿಯಲ್ಲಿ ನಡೆದಂತೆ ಹೋಗಬಲ್ಲದು. ಎರಿಯಲ್ಲಿ ಒಳಗೆ ನುಗ್ಗಲು ಸಂದಿಯೇ ಇಲ್ಲ. ಮೇಲಾಗಿ ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಕಟ್ಟಿದ ಹರಳನ್ನೂ ಒಡೆಯುತ್ತದೆ. ಉಳಿದ ಅಮೋನಿಯ ಬಾವಿಯ ನೀರಿಗೆ ಇಳಿಯದಂತೆ ತೊಳೆದು ತೆಗೆಯಬೇಕು, ಅದಕ್ಕೆ ಖರ್ಚೂ ಇದೆ. ನೆರೆಯ ನೀರಿನಲ್ಲಿ ದಿನಗಟ್ಟಲೆ ನಿಂತ ಜೇಡಿಮಣ್ಣಿನ ಗೋಡೆಯನ್ನು ಈ ವಿಧಾನ ಇಂದು ಉಳಿಸಲಾರದು ಎಂದು ಅವನಿಗೆ ಹೇಳಿದೆ. ಹೊಳೆಯ ದಂಡೆಯ ಮರಳು ಕೊಚ್ಚಿಹೋಗದಂತೆ, ಮರಳು ಮಿಶ್ರಿತ ಮಸಾರಿ ನೆಲ ಸವೆಯದಂತೆ ಮಾಡುವ ಕೆಲಸಕ್ಕೆ ಬರಬಹುದು ಎಂದೂ ಹೇಳಿದೆ. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಹಾಗಾಗಿ ಮರುವಾರ ಮಕ್ಕಳಿಗೆ ತಮ್ಮ ತಮ್ಮ ನೆಂಟರ ಊರಿನ ಮಣ್ಣನ್ನು ತರಲು ಹೇಳಿದೆ. ಬೈಲಹೊಂಗಲದ ಎರಿ, ಕಿತ್ತೂರಿನ ಕೆಮ್ಮಣ್ಣು, ಸವದತ್ತಿ ಗುಡ್ಡದ ಬುಡದ ಮಸಾರಿ, ರಾಮದುರ್ಗದ ಹೊಳೆಯ ಮರಳು ಬಂದವು. ರಾಮದುರ್ಗದ ಹುಡುಗಿಯೊಬ್ಬಳು ಗುಡ್ಡದ ಮರಳುಗಲ್ಲಿನ ಒಂದು ತುಂಡನ್ನೂ ತಂದಿದ್ದಳು: ಯಾವುದೋ ಕಾಲದ ಮರಳನ್ನು ನೆಲದೊಳಗಿನ ಖನಿಜವೇ ಬೆಸೆದು ಮಾಡಿದ ಕಲ್ಲು. ನಾಲ್ಕು ಗಾಜಿನ ಬಾಟಲಿಗಳಲ್ಲಿ ಮಣ್ಣು, ನೀರು ಹಾಕಿ ಅಲುಗಾಡಿಸಿ ಕಿಟಕಿಯಲ್ಲಿಟ್ಟೆವು. ಹೊಳೆಯ ಮರಳು ನಾವು ಹೆಸರು ಬರೆದು ಅಂಟಿಸುವಷ್ಟರಲ್ಲಿ ತಳಕ್ಕೆ ಕೂತಿತು. ಮಸಾರಿ ಮತ್ತು ಕೆಮ್ಮಣ್ಣು ಆ ಪಿರಿಯಡ್ ಮುಗಿಯುವ ಹೊತ್ತಿಗೆ ಅರ್ಧ ತಿಳಿಯಾದವು. ಬೈಲಹೊಂಗಲದ ಬಾಟಲಿಯ ನೀರು ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಂದು ನೋಡಿದಾಗಲೂ ಕದಡಿಕೊಂಡೇ ಇತ್ತು.